ಹೆಚ್ಚು ಔಟ್ ಮಾಡಿದವರಿಗೆ ಶೂ ಕೊಡಬೇಡಿ

ವಲಯ ಮಟ್ಟದ ಖೋ ಖೋ ಪಂದ್ಯಗಳು ಹತ್ತಿರ ಬಂದರೆ ಶಾಲೆಗೆ ದಾನಿಗಳು ಬರುತ್ತಾರೆ. ಹಳೆ ವಿದ್ಯಾರ್ಥಿಗಳು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಊರಿನ ಅಂಗಡಿಯವರು. ಎಲ್ಲರದ್ದೂ ಒಳ್ಳೆಯ ಮನಸ್ಸೇ. ಪ್ರಾರ್ಥನೆ ಮುಗಿದ ಮೇಲೆ ಮೈಕ್ ಹಿಡಿದು ಹೇಳುತ್ತಾರೆ: "ಈ ಸಲ ಜಿಲ್ಲೆಗೆ ಹೋಗಲೇಬೇಕು. ಯಾರು ಹೆಚ್ಚು ಔಟ್ ಮಾಡ್ತಾರೋ ಅವರಿಗೆ ನನ್ನ ಕಡೆಯಿಂದ ಒಂದು ಜೊತೆ ಶೂ." ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಖೋ ಖೋ ಕಲಿಸುತ್ತಿದ್ದೇನೆ. ಈ ಮಾತು ತಂಡಗಳನ್ನು ಒಡೆದಷ್ಟು ಸೋಲು ಕೂಡ ಒಡೆದಿಲ್ಲ.

ಒಂದು ವರ್ಷ 14 ವರ್ಷದೊಳಗಿನ ಹುಡುಗಿಯರ ತಂಡವನ್ನು ತಯಾರು ಮಾಡುತ್ತಿದ್ದೆ. ಶೂ ಘೋಷಣೆಯಾದ ಮಾರನೇ ದಿನ ಸಂಜೆ ಅಭ್ಯಾಸ. ಎಲ್ಲರಿಗಿಂತ ಚುರುಕಾದ ಹುಡುಗಿ ಚೇಸ್ ಮಾಡುತ್ತಿದ್ದಾಳೆ. ರನ್ನರ್ ಕೂತವರ ನಡುವೆ ನುಸುಳಿ ಆಚೆ ಬದಿಗೆ ಹಾರಿದಳು. ಮುಂದಿನ ಚೌಕದಲ್ಲಿ ಕೂತ ಹುಡುಗಿ ಆಚೆಗೇ ಮುಖ ಮಾಡಿದ್ದಾಳೆ; ಬೆರಳು ನೆಲಕ್ಕೂರಿ, ಹಿಮ್ಮಡಿ ಎತ್ತಿ, ಬೆನ್ನಿಗೆ ಕೈ ಬೀಳುವುದನ್ನೇ ಕಾಯುತ್ತಿದ್ದಾಳೆ. ಕೈ ಬೀಳಲಿಲ್ಲ. ಇವಳು ಕಂಬದವರೆಗೂ ತಾನೇ ಓಡಿದಳು. ಸುತ್ತಿ ಬರುವಷ್ಟರಲ್ಲಿ ರನ್ನರ್ ಅಂಗಳದ ಇನ್ನೊಂದು ತುದಿಯಲ್ಲಿದ್ದಳು. ಕೂತ ಹುಡುಗಿ ಹಿಮ್ಮಡಿ ಇಳಿಸಿದಳು. ಮೂರನೇ ಸಲ ಹೀಗಾದಾಗ ಅವಳು ಹಿಮ್ಮಡಿ ಎತ್ತಲೇ ಇಲ್ಲ.

ವಲಯದಲ್ಲೇ ಸೋತೆವು. ಹೇಳಿದ ಹಾಗೆ ಆ ಚುರುಕು ಹುಡುಗಿಗೆ ಶೂ ಬಂತು. ಅದನ್ನು ಹಾಕಿಕೊಂಡು ಅವಳು ಅಂಗಳಕ್ಕೆ ಬಂದದ್ದನ್ನು ನಾನು ನೋಡಲಿಲ್ಲ. ತಪ್ಪು ಅವಳದ್ದಲ್ಲ. ಏನನ್ನು ಎಣಿಸುತ್ತೇವೆ ಅಂತ ನಾವು ಹೇಳಿದ್ದೆವೋ ಅದನ್ನೇ ಅವಳು ಮಾಡಿದಳು. ಮೈಕಿನ ಪಕ್ಕದಲ್ಲೇ ನಿಂತಿದ್ದರೂ ದಾಕ್ಷಿಣ್ಯಕ್ಕೆ ಸುಮ್ಮನಿದ್ದದ್ದು ನನ್ನ ತಪ್ಪು.

ಚೇಸ್ ಮಾಡುವವರು ಒಂದು ದಿಕ್ಕು ಹಿಡಿದ ಮೇಲೆ ಹಿಂದಕ್ಕೆ ತಿರುಗುವಂತಿಲ್ಲ, ಕೂತವರ ಸಾಲನ್ನು ದಾಟುವಂತಿಲ್ಲ. ರನ್ನರಿಗೆ ಎರಡೂ ಸ್ವಾತಂತ್ರ್ಯ ಉಂಟು. ಹಾಗಾಗಿ ಅವರು ಆಚೆ ಹಾರಿದ ಗಳಿಗೆಯಲ್ಲಿ, ಕಂಬ ಸುತ್ತಿ ಹೊತ್ತು ಕಳೆಯಬಾರದು ಅಂದರೆ, ಚೇಸರಿಗೆ ಇರುವ ದಾರಿ ಒಂದೇ, ಆಚೆಗೆ ಮುಖ ಮಾಡಿ ಕೂತವರಿಗೆ ಖೋ ಕೊಟ್ಟು ತಾನು ಕೂರುವುದು. ಒಬ್ಬರೇ ಔಟ್ ಮಾಡುವುದು ಎಂಬುದೇ ಈ ಆಟದಲ್ಲಿ ಇಲ್ಲ ಅನ್ನಬಹುದು. ಸ್ಕೋರ್ ಶೀಟಿನಲ್ಲಿ ಒಬ್ಬರ ನಂಬರ್ ಬೀಳುತ್ತದೆ. ಅದರ ಹಿಂದಿನ ನಾಲ್ಕೈದು ಖೋಗಳನ್ನು ಯಾರೂ ಬರೆಯುವುದಿಲ್ಲ. ನೀವು ಬಹುಮಾನ ಇಡುವುದು ಆ ನಂಬರಿನ ಮೇಲೆ. ಮಗುವಿಗೆ ಅದರಿಂದ ತಲುಪುವ ಪಾಠ, ಖೋ ಕೊಟ್ಟರೆ ತನಗೆ ನಷ್ಟ ಅಂತ.

"ಗುರಿ ದೊಡ್ಡದಿರಬೇಕು ಅಂತ ನೀವೇ ಹೇಳ್ತೀರಲ್ಲ ಮೇಷ್ಟ್ರೇ" ಅಂತ ಕೇಳುತ್ತಾರೆ. ಹೌದು. ಸ್ಪಷ್ಟವಾದ, ಸ್ವಲ್ಪ ಕಷ್ಟವಾದ ಗುರಿ ಇದ್ದರೆ ಜನ ಚೆನ್ನಾಗಿ ಕೆಲಸ ಮಾಡುತ್ತಾರೆ ಅಂತ ಮನೋವಿಜ್ಞಾನಿಗಳಾದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ದಶಕಗಳ ಕಾಲ ಅಧ್ಯಯನ ಮಾಡಿ ತೋರಿಸಿದ್ದಾರೆ. ಆದರೆ ಅದನ್ನು ಮಾಡುವ ಶಕ್ತಿ ಇರಬೇಕು, ಮನಸ್ಸು ಒಪ್ಪಿರಬೇಕು, ಎಲ್ಲಿದ್ದೇವೆ ಅಂತ ಆಗಾಗ ತಿಳಿಯುತ್ತಿರಬೇಕು ಅಂತಲೂ ಅವರೇ ಹೇಳಿದ್ದಾರೆ. "ಜಿಲ್ಲೆಗೆ ಹೋಗಬೇಕು" ಎಂಬುದರಲ್ಲಿ ಹನ್ನೆರಡು ವರ್ಷದ ಮಗುವಿನ ಕೈಯಲ್ಲಿ ಏನಿದೆ? ಎದುರಾಳಿ ಯಾರು, ರೆಫರಿ ಸೀಟಿ ಯಾವಾಗ ಊದುತ್ತಾರೆ, ಹಿಂದಿನ ರಾತ್ರಿ ಯಾರಿಗೆ ಜ್ವರ ಬರುತ್ತದೆ, ಯಾವುದೂ ಅದರ ಕೈಯಲ್ಲಿಲ್ಲ. ಕೈಯಲ್ಲಿರುವುದು ಇವತ್ತು ಸಂಜೆಯ ಖೋ.

ಇನ್ನು ಒಗ್ಗಟ್ಟು. ತಂಡ ಒಡೆದಿದೆ ಅಂದ ಕೂಡಲೇ ಪಿಕ್ನಿಕ್ ಮಾಡಿಸುತ್ತಾರೆ, ಒಂದೇ ಬಣ್ಣದ ಟೀ ಶರ್ಟ್ ಹೊಲಿಸುತ್ತಾರೆ. ಕೆನಡಾದ ಕ್ರೀಡಾ ಮನೋವಿಜ್ಞಾನಿ ಆಲ್ಬರ್ಟ್ ಕ್ಯಾರನ್ ತಂಡದ ಒಗ್ಗಟ್ಟನ್ನು ಎರಡಾಗಿ ನೋಡಿದರು: ಒಬ್ಬರಿಗೊಬ್ಬರು ಬೇಕಾಗಿರುವುದು ಒಂದು, ಹಿಡಿದ ಕೆಲಸದಲ್ಲಿ ಕೂಡಿಕೊಳ್ಳುವುದು ಇನ್ನೊಂದು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಎಂಟು ಮಂದಿಯ ದೋಣಿ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಜರ್ಮನ್ ತಂಡದಲ್ಲಿ ಹ್ಯಾನ್ಸ್ ಲೆಂಕ್ ಎಂಬವರಿದ್ದರು. ಒಳಜಗಳಗಳಿದ್ದರೂ ದೋಣಿ ವೇಗವಾಗಿಯೇ ಹೋಯಿತು ಅಂತ ಮುಂದೆ ಅವರೇ ಬರೆದರು. ಇದನ್ನು ಓದಿ ಮಕ್ಕಳ ಪಿಕ್ನಿಕ್ ನಿಲ್ಲಿಸಬೇಡಿ. ಅವರು ದೊಡ್ಡವರು, ಒಲಿಂಪಿಕ್ಸಿಗೆ ಹೋದವರು. ಮಕ್ಕಳು ಅಂಗಳಕ್ಕೆ ಬರುವುದೇ ಗೆಳೆಯರಿಗಾಗಿ, ಗೆಳೆಯರಿಲ್ಲದವರು ನಮಗೆ ಹೇಳದೇ ಬಿಟ್ಟು ಹೋಗುತ್ತಾರೆ. ಆದರೆ ಒಟ್ಟಿಗೆ ಐಸ್ ಕ್ರೀಮ್ ತಿಂದ ಮಾತ್ರಕ್ಕೆ ಖೋ ಬೇಗ ಬರುವುದಿಲ್ಲ.

ನಾನು ಈಗ ಹುಣಸೆ ಬೀಜ ಎಣಿಸುತ್ತೇನೆ. ಹನ್ನೆರಡು ಮಕ್ಕಳಲ್ಲಿ ಒಂಬತ್ತು ಮಂದಿ ಆಡುತ್ತಾರೆ, ಮೂವರು ಹೊರಗಿರುತ್ತಾರೆ. ಮೊದಲು ಮುರಿಯುವ ಮನಸ್ಸು ಆ ಮೂವರದ್ದು, ಆದ್ದರಿಂದ ಎಣಿಕೆ ಅವರದ್ದೇ. ಎರಡು ಡಬ್ಬಿ: ಸಮಯಕ್ಕೆ ಬಂದ ಖೋ ಒಂದಕ್ಕೆ, ತಡವಾದದ್ದು ಇನ್ನೊಂದಕ್ಕೆ. ಬೀಜಕ್ಕೆ ಯಾರ ಹೆಸರೂ ಇಲ್ಲ. 7 ನಿಮಿಷದ ಸರದಿ ಮುಗಿದ ಮೇಲೆ ಎಲ್ಲರೂ ಕೂತು ಸುರಿದು ಎಣಿಸುತ್ತಾರೆ, ತಡವಾದದ್ದನ್ನು ನಾಳೆಗೆ ಎಷ್ಟು ಕಡಿಮೆ ಮಾಡಬೇಕು ಅಂತ ಅವರೇ ಹೇಳುತ್ತಾರೆ. ಸಾಮಾನ್ಯವಾಗಿ ಎರಡೋ ಮೂರೋ ಅನ್ನುತ್ತಾರೆ, ಸಾಕು.

ಹೋದ ವರ್ಷ ಡಬ್ಬಿ ಹಿಡಿದಿದ್ದ ಹುಡುಗನೊಬ್ಬ ಓಡಿ ಬಂದು ಕೇಳಿದ: "ಸಾರ್, ಅವ್ನು ಬೇಗನೇ ತಟ್ಟಿದ, ಕೂತಿದ್ದೋನು ಎದ್ದಿದ್ದೇ ಲೇಟು. ಬೀಜ ಯಾವ್ದಕ್ಕೆ ಹಾಕ್ಲಿ?" ಅವರಿಬ್ಬರನ್ನೇ ಕೇಳು ಅಂದೆ. ಮೂವರೂ ಕಂಬದ ಹತ್ತಿರ ನಿಂತು ಹತ್ತು ನಿಮಿಷ ವಾದ ಮಾಡಿದರು. ಕೊನೆಗೆ ಗೊತ್ತಾಯಿತು: ತಟ್ಟಿದವನ ಬಾಯಿಂದ "ಖೋ" ಜೋರಾಗಿ ಬಂದಿರಲಿಲ್ಲ, ಫೌಲ್ ಆದೀತು ಅಂತ ಕೂತವನು ಏಳಲು ಹೆದರಿದ್ದ. ಆ ಇಬ್ಬರು ಶಾಲೆಯಲ್ಲಿ ಮಾತಾಡುತ್ತಿರಲಿಲ್ಲ, ಅವರ ಮನೆಗಳ ನಡುವೆ ಜಮೀನಿನ ವ್ಯಾಜ್ಯ ಇತ್ತು. ಮಾರನೇ ದಿನದಿಂದ ತಟ್ಟಿದವನ ಖೋ ರಸ್ತೆಯವರೆಗೂ ಕೇಳುತ್ತಿತ್ತು. ಎಲ್ಲ ತಂಡಕ್ಕೂ ಬೀಜದ ಲೆಕ್ಕ ಹೊಂದುತ್ತದೆ ಅಂತ ನಾನು ಹೇಳಲಾರೆ. ತೀರ ಸಣ್ಣ ಮಕ್ಕಳಿಗೆ ಎಣಿಕೆಯೇ ಬೇಡ, ಓಡಲಿ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು, ನಮ್ಮ ಪುರುಷರೂ ಮಹಿಳೆಯರೂ ನೇಪಾಳವನ್ನು ಸೋಲಿಸಿ ಗೆದ್ದ ಮೇಲೆ ಪಾಲಕರಲ್ಲಿ ಉತ್ಸಾಹ ಹೆಚ್ಚಿದೆ. ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಆ ಮಹಿಳಾ ತಂಡದಲ್ಲಿದ್ದದ್ದು ನಮಗೆಲ್ಲ ಹೆಮ್ಮೆ. "ನಮ್ಮ ಮಗಳನ್ನೂ ಹಾಗೆ ಮಾಡಿ" ಅಂತ ಬರುವ ತಾಯಂದಿರಿಗೆ ಒಂದೇ ಕೇಳುತ್ತೇನೆ: ಮನೆಗೆ ಬಂದ ಮಗಳನ್ನು "ಎಷ್ಟು ಔಟ್ ಮಾಡಿದೆ" ಅನ್ನಬೇಡಿ ಅಮ್ಮಾ, "ಯಾರಿಗೆ ಖೋ ಕೊಟ್ಟೆ" ಅನ್ನಿ.

ದಾನಿಗಳೇ, ಕೊಡುವ ಮನಸ್ಸಿದ್ದರೆ ದಯವಿಟ್ಟು ಕೊಡಿ. ಕಂಬಕ್ಕೆ ಡೈವ್ ಹೊಡೆದು ಮಕ್ಕಳ ಮಂಡಿ ತರಚಿರುತ್ತದೆ, ನೀಕ್ಯಾಪ್ ಬೇಕು, ಹನ್ನೆರಡು ಜೊತೆ. ಅಂಗಳಕ್ಕೆ ಕಲ್ಲಿಲ್ಲದ, ಜರಡಿ ಹಿಡಿದ ಕೆಮ್ಮಣ್ಣು ಒಂದು ಟ್ರ್ಯಾಕ್ಟರ್ ಲೋಡ್ ಬೇಕು. ಮಳೆ ನಿಂತ ಮೇಲೆ ಹಾಕಿಸಿದರೆ ಒಳ್ಳೆಯದು.