ಆಟೀನಿನ ಏಳು–ಎಂಟು ಮತ್ತು ಮೊದಲ ಕುರ್ಚಿ

ಟೆಕ್ಸಸ್ ಹೋಲ್ಡೆಮ್ ಪೋಕರ್‌ನಲ್ಲಿ ನಿಮ್ಮ ಕೈಗೆ ಆಟೀನಿನ ಏಳು, ಎಂಟು ಬಂದಿವೆ ಎಂದುಕೊಳ್ಳಿ. ಸದ್ಯಕ್ಕೆ ಅವುಗಳಿಗೆ ಹೇಳಿಕೊಳ್ಳುವಂಥ ಬೆಲೆಯಿಲ್ಲ. ಎದುರಿನವನ ಬಳಿ ಒಂದು ರಾಣಿ ಇದ್ದರೂ ಅವನದೇ ಮೇಲುಗೈ. ಆದರೆ ಮೇಜಿನ ನಡುವೆ ಎಲ್ಲರ ಪಾಲಿಗೂ ಬೀಳುವ ಐದು ಎಲೆಗಳಲ್ಲಿ ಮೂರು ಆಟೀನು ಸಿಕ್ಕರೆ ಫ್ಲಶ್ (ಒಂದೇ ಜಾತಿಯ ಐದು ಎಲೆ), ಆರು–ಒಂಬತ್ತು–ಹತ್ತು ಬಂದರೆ ಸ್ಟ್ರೇಟ್ (ಸಾಲಾಗಿ ಐದು ಅಂಕಿ). ಹೀಗೆ ಮುಂದೆ ಬರಬಹುದಾದುದನ್ನು ನೆಚ್ಚಿಕೊಂಡ ಎಲೆಗಳಿಗೆ ಆಟಗಾರರು ಡ್ರಾಯಿಂಗ್ ಹ್ಯಾಂಡ್, ಚುಟುಕಾಗಿ ಡ್ರಾ, ಎನ್ನುತ್ತಾರೆ. ನೋಡಲು ಬಲು ಚಂದ. ಟೂರ್ನಿಯಲ್ಲಿ ಎಲ್ಲರಿಗಿಂತ ಮೊದಲು ತೀರ್ಮಾನಿಸಬೇಕಾದ ಕುರ್ಚಿಯಲ್ಲಿ ಕುಳಿತವನಿಗೆ ಮಾತ್ರ ಈ ಚಂದ ದುಬಾರಿಯಾಗುತ್ತದೆ.

ಮೇಜಿಗೆ ಮೊದಲು ಬೀಳುವ ಮೂರು ಎಲೆಗಳಲ್ಲೇ, ಅಂದರೆ ಫ್ಲಾಪ್‌ನಲ್ಲೇ, ಫ್ಲಶ್ ಪೂರ್ಣವಾಗುವುದು ಸುಮಾರು 119 ಸಲಕ್ಕೊಮ್ಮೆ. ಎರಡು ಆಟೀನು ಬಿದ್ದು, ಇನ್ನೊಂದು ಬಂದರೆ ಸಾಕು ಎನ್ನುವ ಸ್ಥಿತಿ ಒಂಬತ್ತು ಸಲಕ್ಕೊಮ್ಮೆ. ಆಗಲೂ ಉಳಿದೆರಡು ಎಲೆಗಳಲ್ಲಿ ಆ ಇನ್ನೊಂದು ಬರುವ ಸಾಧ್ಯತೆ ಶೇ 35 ಮಾತ್ರ. ಎಲ್ಲ ಕೈಗೂಡಿದರೂ ಫ್ಲಶ್‌ಗೆ ನಿಮ್ಮ ಕೈಯಿಂದ ಸಿಗುವ ದೊಡ್ಡ ಎಲೆ ಎಂಟೇ. ಅದಕ್ಕಿಂತ ದೊಡ್ಡ ಆಟೀನಿನೊಂದಿಗೆ ಫ್ಲಶ್ ಹಿಡಿದವನು ಮೇಜಿನಲ್ಲಿದ್ದರೆ ಇದ್ದುದೆಲ್ಲ ಅವನ ಪಾಲು. ಇಷ್ಟು ಅಪರೂಪಕ್ಕೆ ಗೆಲ್ಲುವ ಎಲೆ ಲಾಭ ತರಬೇಕಾದರೆ ಗೆದ್ದಾಗ ದೊಡ್ಡದಾಗಿ ಗೆಲ್ಲಬೇಕು, ಸೋತಾಗ ಅಗ್ಗಕ್ಕೆ ಸೋಲಬೇಕು. ಮೊದಲ ಕುರ್ಚಿ ಈ ಎರಡನ್ನೂ ಕೆಡಿಸುತ್ತದೆ.

ಒಂಬತ್ತು ಜನರ ಮೇಜಿನಲ್ಲಿ ಮೊದಲು ಆಡುವವನ ಹಿಂದೆ ಎಂಟು ಜನ ಬಾಕಿ ಇರುತ್ತಾರೆ. ಸಿಗಬಹುದಾದ ಎರಡೆಲೆಯ ಕೈಗಳಲ್ಲಿ ಅತ್ಯುತ್ತಮ ಶೇ 5ರ ಪೈಕಿ ಒಂದು ಇವರಲ್ಲೊಬ್ಬರ ಬಳಿಯಾದರೂ ಇರುವ ಸಾಧ್ಯತೆ ಎಷ್ಟು? 0.95 ಅನ್ನು ಎಂಟು ಸಲ ಗುಣಿಸಿ ಒಂದರಿಂದ ಕಳೆಯಿರಿ: ಹತ್ತಿರಹತ್ತಿರ ಶೇ 34. ಅದೇ ಎಲೆ ಹಂಚುವವನ ಸ್ಥಾನವಾದ ಬಟನ್ ಕುರ್ಚಿಯಲ್ಲಿದ್ದು, ನಿಮಗಿಂತ ಮೊದಲಿನವರೆಲ್ಲ ಎಲೆ ಎಸೆದಿದ್ದರೆ ಬಾಕಿ ಇಬ್ಬರೇ. ಸಾಧ್ಯತೆ ಶೇ 10ಕ್ಕಿಂತ ಕಡಿಮೆ. ಎಲೆ ಒಂದೇ, ಅಪಾಯ ಮೂರು ಪಟ್ಟಿಗೂ ಹೆಚ್ಚು.

ಈಗ ಒಂದು ಕೈಯನ್ನು ಹತ್ತಿರದಿಂದ ನೋಡೋಣ. ಬಟನ್ ಪಕ್ಕದ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಇಡುವ ಪಣಗಳಾದ ಸ್ಮಾಲ್ ಬ್ಲೈಂಡ್ ಮತ್ತು ಬಿಗ್ ಬ್ಲೈಂಡ್ ಕ್ರಮವಾಗಿ 500 ಮತ್ತು 1,000. ನಿಮ್ಮ ಮುಂದೆ 20,000 ಚಿಪ್ಸ್. ಮೊದಲ ಕುರ್ಚಿಯಿಂದ 2,200 ಇಟ್ಟಿರಿ; ಬಟನ್‌ನಲ್ಲಿದ್ದವನು ಅಷ್ಟೇ ಇಟ್ಟು ಜೊತೆಗೂಡಿದ, ಬ್ಲೈಂಡ್‌ನವರು ಎಲೆ ಎಸೆದರು. ನಡುವೆ 5,900 ಸೇರಿತು. ಫ್ಲಾಪ್‌ನಲ್ಲಿ ಎರಡು ಆಟೀನು! ನೀವು 3,000 ಇಟ್ಟಿರಿ. ನಿಮ್ಮಷ್ಟೇ ಚಿಪ್ಸ್ ಇರುವ ಬಟನ್‌ನವನು ಉಳಿದ 17,800 ಅಷ್ಟನ್ನೂ ತಳ್ಳಿದ. ಈಗ 26,700 ಗೆಲ್ಲಲು ನೀವು 14,800 ಹಾಕಬೇಕು. ಭಾಗಿಸಿ ನೋಡಿದರೆ ಕನಿಷ್ಠ ಶೇ 35.7ರಷ್ಟು ಗೆಲುವು ಬೇಕು. ಉಳಿದ ಸಣ್ಣಪುಟ್ಟ ನೆರವು ಬಿಟ್ಟರೆ ನಿಮ್ಮಲ್ಲಿರುವುದು ಶೇ 35. ಬಯಸಿದ ಫ್ಲಾಪೇ ಬಿದ್ದಿದೆ, ಆದರೂ ಲೆಕ್ಕ ಸರಿಹೋಗುತ್ತಿಲ್ಲ. ಫ್ಲಶ್ ಬಂದ ಮೇಲೆ ಇನ್ನಷ್ಟು ದೋಚೋಣ ಎನ್ನಲು ನಿಮ್ಮ ಚಿಪ್ಸೆಲ್ಲ ಆಗಲೇ ನಡುವೆ ಹೋಗಿರುತ್ತವೆ.

ಇದು ಬರಿಯ ಚಿಪ್ಸ್ ಲೆಕ್ಕ. ಟೂರ್ನಿಯಲ್ಲಿ ಚಿಪ್ಸ್ ಬೇರೆ, ಹಣ ಬೇರೆ. ಅರ್ಧಕ್ಕೆ ನಿಂತ ಆಟದ ಪಣವನ್ನು ಹೇಗೆ ಹಂಚಬೇಕು ಎಂದು ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಪತ್ರ ಬರೆದುಕೊಂಡಿದ್ದರು. ಸಂಭವನೀಯತೆಯ ಗಣಿತ ಬೆಳೆದದ್ದು ಅಲ್ಲಿಂದ. ಅದೇ ಪ್ರಶ್ನೆ ಇಲ್ಲಿ ಹೊಸ ವೇಷದಲ್ಲಿದೆ. ಕುದುರೆ ಪಂದ್ಯದಲ್ಲಿ ಎರಡನೆಯ, ಮೂರನೆಯ ಸ್ಥಾನ ಯಾರಿಗೆ ಎಂದು ಅಂದಾಜಿಸಲು ಡೇವಿಡ್ ಹಾರ್ವಿಲ್ 1973ರಲ್ಲಿ ಕೊಟ್ಟ ಸೂತ್ರವನ್ನೇ ಚಿಪ್ಸ್‌ಗೆ ಹಣದ ಬೆಲೆ ಕಟ್ಟಲು ಪೋಕರ್‌ನವರು ಎತ್ತಿಕೊಂಡಿದ್ದಾರೆ.

ನಾಲ್ವರು ಸಮನಾದ ಚಿಪ್ಸ್ ಇಟ್ಟುಕೊಂಡು ಕೂತಿದ್ದಾರೆ. ಮೂವರಿಗೆ 50, 30, 20 ರೂಪಾಯಿ ಬಹುಮಾನ. ಒಬ್ಬೊಬ್ಬರ ಪಾಲಿನ ಬೆಲೆ 25. ನೀವು ಒಬ್ಬನನ್ನು ಹೊರಹಾಕಿ ಚಿಪ್ಸ್ ಇಮ್ಮಡಿ ಮಾಡಿಕೊಂಡಿರಿ. ಬೆಲೆ 50 ಆಗಬೇಕಲ್ಲವೇ? ಆಗುವುದು 38.33. ಸುಮ್ಮನೆ ಕೂತಿದ್ದ ಉಳಿದಿಬ್ಬರು 25ರಿಂದ 30.83ಕ್ಕೆ ಏರುತ್ತಾರೆ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುವುದಕ್ಕೆ ಇದಕ್ಕಿಂತ ನಿಖರವಾದ ಪುರಾವೆ ನಾನು ಕಂಡಿಲ್ಲ. ಸೋತರೆ ಕಳೆಯುವುದು 25, ಗೆದ್ದರೆ ಬರುವುದು 13.33. ಹಾಗಾಗಿ ಎಲ್ಲವನ್ನೂ ಪಣಕ್ಕಿಡಲು ಬೇಕಾದ ಗೆಲುವಿನ ಸಾಧ್ಯತೆ ಶೇ 50ರಿಂದ 65ಕ್ಕೆ ಜಿಗಿಯುತ್ತದೆ. ಶೇ 35ರ ಡ್ರಾ ಇದರ ಹತ್ತಿರಕ್ಕೂ ಸುಳಿಯುವುದಿಲ್ಲ. (ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಭಾರತ 2025ರ ಕಾಯ್ದೆಯಲ್ಲಿ ನಿಷೇಧಿಸಿದೆ. ಗಣಿತಕ್ಕೆ ನಿಷೇಧವಿಲ್ಲ.)

ಹಾಗಾದರೆ ಏರಿಸದೆ, ಬ್ಲೈಂಡ್‌ನಷ್ಟೇ ಇಟ್ಟು ಅಗ್ಗದಲ್ಲಿ ಫ್ಲಾಪ್ ನೋಡಿದರೆ? ಲಿಂಪ್ ಎನ್ನುವ ಈ ಉಪಾಯಕ್ಕೆ ಅಭಿಮಾನಿಗಳು ಬಹಳ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನೋಮ್ ಬ್ರೌನ್ ಮತ್ತು ಟೂಮಾಸ್ ಸ್ಯಾಂಡ್‌ಹೋಮ್ 2019ರಲ್ಲಿ ಪ್ರಕಟಿಸಿದ ಪ್ಲೂರಿಬಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಮನುಷ್ಯರ ಆಟವನ್ನು ನೋಡದೆ, ತನ್ನೊಂದಿಗೇ ಆಡಿಕೊಂಡು ಕಲಿತದ್ದು. ಸ್ಮಾಲ್ ಬ್ಲೈಂಡ್ ಹೊರತು ಬೇರಾವ ಕುರ್ಚಿಯಿಂದಲೂ ಲಿಂಪ್ ಲಾಭದ್ದಲ್ಲ ಎನ್ನುವ ತೀರ್ಮಾನಕ್ಕೆ ಅದೂ ಬಂತು. ಅದು ಆಡಿದ್ದು ಪ್ರತಿ ಕೈಗೂ ತಲಾ 100 ಬಿಗ್ ಬ್ಲೈಂಡ್ ಇಟ್ಟುಕೊಂಡು, ಬಹುಮಾನದ ಏಣಿ ಇಲ್ಲದ ಆಟ. ಅಷ್ಟು ಅನುಕೂಲದಲ್ಲೂ ಒಗ್ಗದ್ದು 20 ಬಿಗ್ ಬ್ಲೈಂಡ್ ಉಳಿದವನಿಗೆ ಒಗ್ಗೀತೆಂದು ನನಗನ್ನಿಸುವುದಿಲ್ಲ.

ಎಲ್ಲ ಡ್ರಾಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಿಲ್ಲ. ಆಟೀನಿನ ಎಕ್ಕ–ಐದು ಮೊದಲ ಕುರ್ಚಿಯಲ್ಲೂ ಏಳು–ಎಂಟಕ್ಕಿಂತ ಮೇಲು. ಫ್ಲಶ್ ಬಂದರೆ ಅದೇ ಎಲ್ಲಕ್ಕಿಂತ ದೊಡ್ಡ ಫ್ಲಶ್. ಇನ್ನೊಂದು ಸೂಕ್ಷ್ಮವೂ ಇದೆ. ಎದುರಾಳಿಗೆ ಎಕ್ಕದ ಜೋಡಿ ಸಿಗಲು ಆರು ದಾರಿಗಳಿವೆ. ಒಂದು ಎಕ್ಕ ನಿಮ್ಮ ಕೈಯಲ್ಲಿದ್ದರೆ ಉಳಿಯುವುದು ಮೂರೇ. ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಿಯಲ್ಲಿ ಈಚಿನ ವರ್ಷಗಳಲ್ಲಿ 60,000 ಚಿಪ್ಸ್ ಕೊಟ್ಟು, 100–200ರ ಬ್ಲೈಂಡ್‌ನಿಂದ ಆರಂಭಿಸುತ್ತಾರೆ, ಅಂದರೆ 300 ಬಿಗ್ ಬ್ಲೈಂಡ್. ಆ ಮೊದಲ ಗಂಟೆಗಳಲ್ಲಿ ಏಳು–ಎಂಟನ್ನೂ ಒಮ್ಮೊಮ್ಮೆ ಆಡಿ ನೋಡಬಹುದು. ಫ್ಲಶ್ ಬಂದಾಗ ದೋಚಲು ಎದುರಿನವನ ಮುಂದೆ ಸಾಕಷ್ಟು ರಾಶಿ ಇರುತ್ತದೆ. ಬ್ಲೈಂಡ್ ಏರುತ್ತಾ ಹೋದಂತೆ ಮೊದಲ ಕುರ್ಚಿಯಲ್ಲಿ ಕೈಬಿಡಬೇಕಾದ ಎಲೆಗಳಲ್ಲಿ ಮೊದಲನೆಯವು ಇವೇ.