ಜಡಿಮಳೆಯಲ್ಲಿ ಸಾಕುಹಕ್ಕಿಗೆ ಹಸಿರು ಮೇವು

ಬಡ್ಜಿ, ಕಾಕಟಿಲ್, ಫಿಂಚ್‌ನಂಥ ಪುಟ್ಟ ಸಾಕುಹಕ್ಕಿಗಳಿಗೆ ಬರೀ ನವಣೆ ಹಾಕಿದರೆ ಹೊಟ್ಟೆ ತುಂಬುತ್ತದೆ, ಆರೋಗ್ಯ ನಿಲ್ಲುವುದಿಲ್ಲ. ದೇಹದಲ್ಲಿ ವಿಟಮಿನ್ ‘ಎ’ ಆಗಿ ಬದಲಾಗುವ ಬೀಟಾ ಕೆರೋಟಿನ್ ಒಣ ಕಾಳಿನಲ್ಲಿ ತೀರಾ ಕಡಿಮೆ, ಕ್ಯಾಲ್ಸಿಯಂ ಕೂಡ ಸಾಲದು. ಈ ಕೊರತೆ ತಿಂಗಳುಗಟ್ಟಲೆ ಎಳೆದರೆ ಬಾಯಿ, ಮೂಗು, ಶ್ವಾಸನಾಳದ ಒಳಪೊರೆ ಒರಟಾಗಿ ಸೋಂಕಿಗೆ ದಾರಿಯಾಗುತ್ತದೆ. ಎಳೆಸೊಪ್ಪು ಕೊಡಬೇಕು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸಂತೆಗೆ ಬರುವ ಸೊಪ್ಪಿಗೆ ಕೆಸರು ಮೆತ್ತಿರುತ್ತದೆ, ಬುಡ ಕೊಳೆಯಲು ಶುರುವಾಗಿರುತ್ತದೆ. ಅಡಿಕೆ ತೋಟದ ಹುಲ್ಲನ್ನಂತೂ ಕೊಯ್ದು ತರಲೇಬಾರದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ, ಅದು ಅಡಿಕೆ ಗೊನೆಯಿಂದ ತೊಟ್ಟಿಕ್ಕಿ ಕೆಳಗಿನ ಹುಲ್ಲಿಗಂಟುತ್ತದೆ. 30–40 ಗ್ರಾಂ ತೂಗುವ ಬಡ್ಜಿಯ ಮೈಗೆ ತಾಮ್ರ ಸೇರುವುದು ಅಪಾಯ.

ಎಳೆಸೊಪ್ಪನ್ನು ಮನೆಯೊಳಗೇ ಬೆಳೆದುಕೊಳ್ಳುವುದು ಕಷ್ಟವಲ್ಲ. 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ, ತಳದಲ್ಲಿ ತೂತಿರುವ ಪ್ಲಾಸ್ಟಿಕ್ ಟ್ರೇ ಸಾಕು. ಅಡಿಕೆ ಹಾಳೆಯ ತಟ್ಟೆ ಬೇಡ, ನೀರು ಕುಡಿದ ಹಾಳೆಗೆ ಬೇಗ ಬೂಷ್ಟು ಬರುತ್ತದೆ. ಕೋಕೋಪೀಟನ್ನು (ತೆಂಗಿನ ನಾರಿನ ಪುಡಿ) ಎರಡು ಸಲ ನೀರಿನಲ್ಲಿ ತೊಳೆದು ಉಪ್ಪಿನಂಶ ತೆಗೆದು, 2 ಸೆಂ.ಮೀ. ದಪ್ಪ ಹರಡಿ. ಮುಷ್ಟಿಯಲ್ಲಿ ಹಿಂಡಿದರೆ ಎರಡು ಮೂರು ಹನಿ ಬೀಳಬೇಕು, ನೀರು ಧಾರೆಯಾಗಿ ಇಳಿದರೆ ಹದ ಮೀರಿದೆ. ಇಷ್ಟು ಜಾಗಕ್ಕೆ ಗೋಧಿಯಾದರೆ ಸುಮಾರು 100 ಗ್ರಾಂ, ಮೆಂತ್ಯವಾದರೆ 20, ನವಣೆಯಾದರೆ 15, ಸಾಸಿವೆಯಾದರೆ 8 ಗ್ರಾಂ ಬೇಕಾಗುತ್ತದೆ. ಗೋಧಿ ಮೆಂತ್ಯಗಳನ್ನು 8–10 ಗಂಟೆ ನೆನೆಸಿ, ಸಾಸಿವೆಯನ್ನು ಹಾಗೇ ಉದುರಿಸಿ. ಮಳೆಗಾಲದ ತಂಪಿಗೆ ಗೋಧಿ, ಮೆಂತ್ಯ, ಸಾಸಿವೆ ಚೆನ್ನಾಗಿ ಬರುತ್ತವೆ. ನವಣೆಗೆ ಬಿಸಿ ಬೇಕು, ಅದನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಅಂಗಡಿಯ ನವಣೆ ಅಕ್ಕಿ ಹೊಟ್ಟು ತೆಗೆದದ್ದು, ಅದನ್ನು ಬಿತ್ತಿ ಪ್ರಯೋಜನವಿಲ್ಲ.

ಬಿತ್ತನೆ ಬೀಜದ ಅಂಗಡಿಯಿಂದ ತರಬೇಡಿ. ಗುಲಾಬಿಯೋ ನೀಲಿಯೋ ಬಣ್ಣ ಬಳಿದ ಬೀಜಕ್ಕೆ ಥೈರಮ್‌ನಂಥ ಶಿಲೀಂಧ್ರನಾಶಕ ಹಾಕಿರುತ್ತಾರೆ. ಜೋಳವನ್ನೂ ಬಿತ್ತಬಾರದು. ಎಳೆ ಜೋಳದ ಪೈರಿನಲ್ಲಿರುವ ಧುರಿನ್ ಎಂಬ ರಾಸಾಯನಿಕ ಒಡೆದಾಗ ಹೈಡ್ರೋಜನ್ ಸಯನೈಡ್ ಎಂಬ ವಿಷ ಹೊರಬರುತ್ತದೆ. ಅದನ್ನು ಮೇದು ದನ ಸಾಯುವುದು ಬಯಲುಸೀಮೆಯ ರೈತರಿಗೆ ಚೆನ್ನಾಗಿ ಗೊತ್ತು.

ಇನ್ನು ಮಲೆನಾಡಿನ ನಿಜವಾದ ತೊಂದರೆಗೆ ಬರೋಣ. ಇಲ್ಲಿ ಪೈರು ಒಣಗಿ ಸಾಯುವುದಿಲ್ಲ, ಬೂಷ್ಟು ಹಿಡಿದು ಹಾಳಾಗುತ್ತದೆ. ನಷ್ಟ ಒಂದು ಟ್ರೇಯದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಹಕ್ಕಿಗೆ ಶ್ವಾಸಕೋಶದ ಜೊತೆ ಗಾಳಿಚೀಲಗಳೂ ಇವೆ, ಹೆಚ್ಚಿನ ಜಾತಿಗಳಲ್ಲಿ ಒಂಬತ್ತು. ಅವುಗಳ ಗೋಡೆ ತೆಳು, ರಕ್ತನಾಳ ವಿರಳ. ಆಸ್ಪರ್ಜಿಲಸ್ ಬೂಷ್ಟಿನ ಬೀಜಕಣ ಅಲ್ಲಿ ಬೇರೂರಿದರೆ ಬಿಳಿ ರಕ್ತಕಣಗಳೂ ಔಷಧಿಯೂ ಅಲ್ಲಿಗೆ ತಲುಪುವುದು ಕಷ್ಟ. ಆದ್ದರಿಂದ ಟ್ರೇಯನ್ನು ಪಂಜರವಿರುವ ಕೋಣೆಯಲ್ಲಿ ಇಡಲೇಬೇಡಿ.

ಮೂರನೆಯ ದಿನ ಬೇರಿನ ಸುತ್ತ ಬಿಳಿ ನವಿರು ಕಂಡರೆ ಗಾಬರಿ ಬೇಡ, ಹತ್ತಿರದಿಂದ ನೋಡಿ. ಪ್ರತಿ ಬೇರಿಗೂ ಸಮನಾಗಿ ಹಬ್ಬಿ, ನೀರು ಚಿಮುಕಿಸಿದೊಡನೆ ಅಂಟಿಕೊಂಡು ಮಾಯವಾದರೆ ಅದು ಬೇರುಕೂದಲು. ಕಾಳಿನಿಂದ ಕಾಳಿಗೆ ಎಳೆಯೆಳೆಯಾಗಿ ಹಬ್ಬಿ, ನೀರು ಚಿಮುಕಿಸಿದರೂ ಉಳಿದು, ಮುಗ್ಗಲು ವಾಸನೆ ಬಂದರೆ ಬೂಷ್ಟು. ಬರೀ ಆ ಮೂಲೆಯನ್ನು ಕಿತ್ತರೆ ಸಾಲದು. ಇಡೀ ಟ್ರೇಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ ಹೊರಗೆ ಸಾಗಿಸಿ.

ಮೊಳೆಯದ ಪ್ರತಿ ಕಾಳೂ ಬೂಷ್ಟಿಗೆ ಆಹಾರ. ಹೊಸ ಬೀಜ ತಂದಾಗ 50 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, 45 ಕೂಡ ಮೊಳೆಯದಿದ್ದರೆ ಆ ಬೀಜ ಬೇಡ. ಕಾಳಿನ ಮೇಲೆ ಕಾಳು ಬೀಳುವಂತೆ ಬಿತ್ತಬೇಡಿ, ಒಳಗೆ ಬಿಸಿಯಾಗಿ ಕೊಳೆಯುತ್ತದೆ. ಕತ್ತಲಲ್ಲಿ ಮುಚ್ಚಿಡುವುದು ಎರಡೇ ದಿನ. ಆಮೇಲೆ ನೀರನ್ನು ಕೆಳಗಿನ ತಟ್ಟೆಗೆ ಹುಯ್ದು, 15 ನಿಮಿಷ ಬಿಟ್ಟು ಉಳಿದದ್ದನ್ನು ಚೆಲ್ಲಿ. ಟ್ರೇ ಎತ್ತಿದಾಗ ಹಗುರವೆನಿಸುವವರೆಗೆ ಮತ್ತೆ ನೀರು ಬೇಡ. ಕಂಪ್ಯೂಟರಿನ 12 ವೋಲ್ಟ್ ಫ್ಯಾನೊಂದು ಎಲೆ ಮೆಲ್ಲಗೆ ಅಲುಗುವಷ್ಟು ಬೀಸುತ್ತಿರಲಿ. ಗಾಳಿಮಳೆಗೆ ಕರೆಂಟು ಹೋದರೆ ಪೈರು ಬೆಳಕಿಲ್ಲದೆ ಒಂದು ದಿನ ತಡೆದೀತು, ಆದರೆ ಫ್ಯಾನು ನಿಂತಿರುವಾಗ ನೀರು ಹಾಕಬೇಡಿ.

ಹೆಂಚಿನ ಮನೆಯ ಇಳಿಮಾಡಿನ ಕೆಳಗಿನ ಕಿಟಕಿಯಲ್ಲಿ ಆಷಾಢದ ಬೆಳಕು ಸಾಲುವುದಿಲ್ಲ. ಬೆಳಕಿಲ್ಲದೆ ಎಲೆಯಲ್ಲಿ ಪತ್ರಹರಿತ್ತು ಕೂಡುವುದಿಲ್ಲ, ಪೈರು ಹಳದಿಯಾಗಿ ಉದ್ದುದ್ದ ಎಳೆಯುತ್ತದೆ. ನಾಲ್ಕಡಿಯ 20 ವಾಟ್ ಎಲ್‌ಇಡಿ ಟ್ಯೂಬನ್ನು (6500 ಕೆಲ್ವಿನ್‌ನ ಬಿಳಿ ಬೆಳಕಿನದು) ಪೈರಿನ ತುದಿಯಿಂದ 15 ಸೆಂ.ಮೀ. ಮೇಲೆ ಕಟ್ಟಿ, ದಿನಕ್ಕೆ 12–14 ಗಂಟೆ ಉರಿಸಿ. ಅದರಡಿ ಮೂರು ಟ್ರೇ ಹಿಡಿಸುತ್ತವೆ. ನಾಲ್ಕು ದಿನಕ್ಕೊಂದು ಟ್ರೇ ಬಿತ್ತಿದರೆ ಕೊಯ್ಲು ತಪ್ಪುವುದಿಲ್ಲ.

ಗೋಧಿಹುಲ್ಲು 8–10 ದಿನಕ್ಕೆ ಗೇಣುದ್ದಕ್ಕೆ ಬರುತ್ತದೆ. ಎರಡು ಸೆಂ.ಮೀ. ತುಂಡು ಮಾಡಿ ಕೊಡಿ, ಉದ್ದದ ನಾರು ಗಂಟಲಚೀಲದಲ್ಲಿ ಉಂಡೆಗಟ್ಟಬಹುದು. ಒಂದು ಬಡ್ಜಿಗೆ ದಿನಕ್ಕೆ ಎರಡು ಚಿಟಿಕೆ ಸಾಕು, ಮೂರು ಗಂಟೆಯಲ್ಲಿ ಉಳಿದದ್ದನ್ನು ತೆಗೆಯಿರಿ. ಪಾಲಕ್, ಹರಿವೆಗಳ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ, ಅವು ಅಪರೂಪಕ್ಕಿರಲಿ. ಸೊಪ್ಪು ತಿಂದ ದಿನ ಹಿಕ್ಕೆಯ ಸುತ್ತ ನೀರು ಹೆಚ್ಚಿರುವುದು ಸಹಜ. ನಡುವಿನ ಗಟ್ಟಿ ಭಾಗವೇ ಕದಡಿದ್ದರೆ ಸೊಪ್ಪು ನಿಲ್ಲಿಸಿ ಪಶುವೈದ್ಯರಿಗೆ ತೋರಿಸಿ. ಕೊಯ್ದ ಗೋಧಿ ಮತ್ತೊಮ್ಮೆ ಚಿಗುರುತ್ತದೆ. ಮಳೆಗಾಲದಲ್ಲಿ ಆ ಆಸೆ ಬೇಡ, ಎರಡನೇ ಚಿಗುರಿನ ಹೊತ್ತಿಗೆ ಬುಡದ ಕಾಳು ಕೊಳೆತಿರುತ್ತದೆ. ಒಂದೇ ಕೊಯ್ಲು ಮಾಡಿ ಬೇರುಮುದ್ದೆಯನ್ನು ಗೊಬ್ಬರಗುಂಡಿಗೆ ಹಾಕಿ, ಟ್ರೇ ತಿಕ್ಕಿ ತೊಳೆದು ಒಲೆಯ ಪಕ್ಕ ಪೂರ್ತಿ ಒಣಗಿಸಿ.