ತೊಲೆ ಮುಟ್ಟಿದೆ, ಗೆರೆ ಮುಟ್ಟಿಲ್ಲ

ಆರ್ಕಿಟೆಕ್ಟ್ ಕಂಪ್ಯೂಟರಿನಲ್ಲಿ ಉಕ್ಕಿನ ತೊಲೆ ಇಟ್ಟರೆ ಅದಕ್ಕೆ ಮೈಕಟ್ಟು ಇರುತ್ತದೆ. ಐಎಸ್‌ಎಂಬಿ 300 (ಭಾರತೀಯ ಮಾನದಂಡದ ಒಂದು ತೊಲೆಯ ಹೆಸರು) ಆರಿಸಿದರೆ 300 ಮಿ.ಮೀ. ಎತ್ತರ, 140 ಮಿ.ಮೀ. ಅಗಲದ ‘ಐ’ ಆಕಾರದ ತೊಲೆ ಬಂದು ಕೂರುತ್ತದೆ. ಕೆಳಗೆ ಎಷ್ಟು ಜಾಗ ಉಳಿಯಿತು, ಎಸಿ ಡಕ್ಟ್ ಅಡ್ಡ ಬರುತ್ತದೆಯೇ ಎಂದು ನೋಡಲು ಅವರಿಗೆ ಇದು ಬೇಕು. ಭಾರ ತಾಳುತ್ತದೆಯೇ ಎಂದು ಲೆಕ್ಕ ಹಾಕುವ ಸ್ಟ್ರಕ್ಚರಲ್ ಎಂಜಿನಿಯರಿಗೆ ಅದೇ ತೊಲೆ ಬರೀ ಒಂದು ಗೆರೆ. ಎತ್ತರ, ಅಗಲ, ದಪ್ಪ ಎಲ್ಲ ಆ ಗೆರೆಗೆ ಅಂಟಿಸಿದ ಅಂಕಿಗಳು, ಅಷ್ಟೇ.

ತೊಡಕು ಶುರುವಾಗುವುದು ಇಲ್ಲೇ. ಕಂಬವೂ 300 ಮಿ.ಮೀ.ನದ್ದೇ ಎಂದುಕೊಳ್ಳಿ. ತೊಲೆ ಬಂದು ಕಂಬದ ಹೊರಮೈಗೆ ನಿಲ್ಲುತ್ತದೆ. ಎಂಜಿನಿಯರಿಗೆ ಕಂಬವೆಂದರೆ ಅದರ ನಡುಗೆರೆ; ಅದು ಇರುವುದು ಅಲ್ಲಿಂದ 150 ಮಿ.ಮೀ. ಒಳಗೆ. ತೊಲೆ ಎಷ್ಟು ಉದ್ದ ಕಾಣುತ್ತದೋ ಅಷ್ಟೇ ಗೆರೆ ಎಳೆದರೆ, ಅದು ಕಂಬದ ಗೆರೆಯನ್ನು ಮುಟ್ಟುವುದೇ ಇಲ್ಲ! ಎರಡೂ ತುದಿ ಹೀಗೆ ಬಿಟ್ಟುಹೋದರೆ ಸಾಫ್ಟ್‌ವೇರ್ ಎರರ್ ಕೊಡುತ್ತದೆ, ಅದು ಒಳ್ಳೆಯದೇ. ಒಂದು ತುದಿ ಮಾತ್ರ ಬಿಗಿಯಾಗಿ ಕೂಡಿಕೊಂಡು ಇನ್ನೊಂದು ಬಿಟ್ಟುಹೋದರೆ? ಆಗ ತೊಲೆಯನ್ನು ಬಾಲ್ಕನಿಯಂತೆ ಚಾಚಿಕೊಂಡಿದೆ ಎಂದು ಲೆಕ್ಕ ಹಾಕುತ್ತದೆ. ಉದ್ದಕ್ಕೂ ಸಮನಾದ ಭಾರವಿದ್ದರೆ, ಎರಡೂ ಕಡೆ ಸುಮ್ನೆ ಕೂರಿಸಿದ ತೊಲೆಗಿಂತ ಬಾಗುಬಲ (ಬೆಂಡಿಂಗ್ ಮೊಮೆಂಟ್) 4 ಪಟ್ಟು ಜಾಸ್ತಿ ಬರುತ್ತದೆ. ಎರರ್ ಮಾತ್ರ ಬರುವುದಿಲ್ಲ.

ಕಟ್ಟಡದ ಮಾಡೆಲ್ ಮಾಡುವ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಮೊದಲು ತೊಲೆ ಇಟ್ಟರೆ ಲೆಕ್ಕದ ಗೆರೆಯೂ ತಾನಾಗಿ ಹುಟ್ಟುತ್ತಿತ್ತು. 2023ರ ಆವೃತ್ತಿಯಲ್ಲಿ ಎರಡನ್ನೂ ಬೇರೆ ಮಾಡಿದರು. ನನಗೆ ಅದೇ ಸರಿ ಅನ್ನಿಸುತ್ತದೆ. ಎರಡರ ಕೆಲಸವೇ ಬೇರೆ, ಅಲ್ವಾ?

ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಮಾಡೆಲ್ ಸಾಗಿಸಲು ಐಎಫ್‌ಸಿ ಎಂಬ ಫೈಲ್ ಇದೆ. 2013ರಿಂದ ಅದು ಐಎಸ್‌ಒ 16739 ಮಾನದಂಡ. ಆಕಾರ, ಜಾಗ, ಹೆಸರು ಸಾಮಾನ್ಯವಾಗಿ ಸರಿಯಾಗೇ ತಲುಪುತ್ತವೆ. ಆದರೆ ಅತ್ತ ತೆರೆದವರು ಆ ತೊಲೆಯನ್ನು ತಮ್ಮದೇ ತೊಲೆಯಂತೆ ಎಳೆದು, ಬದಲಿಸಿ ಕೆಲಸ ಮಾಡಬಹುದು ಎಂದುಕೊಂಡರೆ ಹಲವು ಸಲ ನಿರಾಸೆಯೇ. ಹೆಸರಲ್ಲೂ ಎಡವಟ್ಟು ಆಗುತ್ತದೆ: ಒಬ್ಬರ ಪಟ್ಟಿಯಲ್ಲಿ ‘ಐಎಸ್‌ಎಂಬಿ 300’, ಇನ್ನೊಬ್ಬರದರಲ್ಲಿ ‘ಎಂಬಿ 300’. ಎರಡೂ ಒಂದೇ ಎಂದು ಮೊದಲೇ ಹೇಳಿಕೊಡದಿದ್ದರೆ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ.

ಹಾಗಾಗಿ ಒಂದೇ ಫೈಲನ್ನು ಇಬ್ಬರೂ ತಿದ್ದುವ ಆಸೆ ಬಿಡುವುದು ವಾಸಿ. ಇಬ್ಬರೂ ತಮ್ಮ ತಮ್ಮ ಮಾಡೆಲ್ ಇಟ್ಟುಕೊಂಡು, ಇನ್ನೊಬ್ಬರದನ್ನು ಮೇಲೆ ಹೊದಿಸಿ ನೋಡಿದರೆ ಸಾಕು. ತೊಲೆ ಎಲ್ಲಿ ಎಂದು ಆರ್ಕಿಟೆಕ್ಟ್ ಹೇಳಲಿ, ಎಷ್ಟು ದೊಡ್ಡದು ಎಂದು ಎಂಜಿನಿಯರ್ ಹೇಳಲಿ. ಇದಕ್ಕೆ ಮೂಲಬಿಂದು ಮತ್ತು ಅಳತೆಯ ಮಾನ ಇಬ್ಬರಿಗೂ ಒಂದೇ ಇರಬೇಕು. ಬೋಲ್ಟು, ಪ್ಲೇಟುಗಳನ್ನು ಇವರಿಬ್ಬರೂ ತಮ್ಮ ಮಾಡೆಲಿನಲ್ಲಿ ಹಾಕುತ್ತ ಕೂರಬೇಕಿಲ್ಲ. ಅವು ಫ್ಯಾಬ್ರಿಕೇಟರ್ (ಉಕ್ಕು ಕತ್ತರಿಸಿ ತೊಲೆ, ಕಂಬ ತಯಾರಿಸುವವರು) ಕಡೆಯವರು ಟೆಕ್ಲಾದಂಥ ಸಾಫ್ಟ್‌ವೇರಿನಲ್ಲಿ ಮಾಡುವ ಮೂರನೇ ಮಾಡೆಲಿನಲ್ಲಿ ಬರುತ್ತವೆ.